ಗಂಟಲಿಗೆ ಇಳಿಯುವ ಕಫಕ್ಕೆ ಫಂಗಸ್ ಕಾರಣ ಇರಬಹುದಾ?

ಬನಶಂಕರಿ ಹುಡುಗ: ವರ್ಷಗಟ್ಟಲೆ ಮೂಗು ಕಟ್ಟುತ್ತದೆ, ಗಂಟಲಿಗೆ ಕಫ ಇಳಿಯುತ್ತಲೇ ಇರುತ್ತದೆ, ಆಂಟಿಬಯೋಟಿಕ್ ತಗೊಂಡರೆ ಸ್ವಲ್ಪ ದಿನ ಆರಾಮ, ಆಮೇಲೆ ಅದೇ ಕಥೆ. ಮನೆ ಗೋಡೆಗೆ ಬೂಷ್ಟು ಬೇರೆ. ಫಂಗಸ್ ಮಾತ್ರೆ ತಗೊಳ್ಳಲಾ?

ರಶ್ಮಿ: ಸುಮ್ನೆ ನುಂಗಬೇಡಿ, ಲಿವರ್‌ಗೆ ತೊಂದರೆ ಆಗಬಹುದು. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರಿಗೆ ಹಳೇ ಸೈನಸ್ ರೋಗಿಗಳಲ್ಲಿ 96% ಜನರ ಮೂಗಲ್ಲಿ ಫಂಗಸ್ ಸಿಕ್ಕಿತು, ದೊಡ್ಡ ಸುದ್ದಿಯಾಯಿತು. ಆದರೆ ಆರೋಗ್ಯವಾಗಿದ್ದವರ ಮೂಗಲ್ಲೂ ಸಿಕ್ಕಿತ್ತು! ಮುಂದೆ ಆಂಫೊಟೆರಿಸಿನ್ ಅನ್ನೋ ಫಂಗಸ್ ಕೊಲ್ಲುವ ಔಷಧಿ ಹಾಕಿ ಮೂಗು ತೊಳೆದು ನೋಡಿದರು, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಕೆಂಗೇರಿ ಗೌಡ: ಹಾಗಂತ ಫಂಗಸ್ ಸೈನಸ್ ಇಲ್ಲವೇ ಇಲ್ಲ ಅಂತಲ್ಲ ಮೇಡಂ. ಕೆಲವರಿಗೆ ಅದರ ಅಲರ್ಜಿಯಿಂದ ಮೂಗೊಳಗೆ ಪಾಲಿಪ್ (ಮೆತ್ತನೆಯ ಗಂಟು) ಬೆಳೆದು ಅಂಟಂಟು ಕಫ ತುಂಬಿಕೊಳ್ಳುತ್ತದೆ, ಕೆಲವರಿಗೆ ಸೈನಸ್ ಒಳಗೇ ಫಂಗಸ್ ಉಂಡೆ ಕಟ್ಟುತ್ತದೆ, ಇವಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಬೇಕು. ಎಂಡೋಸ್ಕೋಪಿ, ಸಿ.ಟಿ. ಸ್ಕ್ಯಾನ್‌ನಲ್ಲಿ ಸುಳಿವು ಸಿಗುತ್ತದೆ. ಇಎನ್‌ಟಿ ಡಾಕ್ಟರಿಗೆ ತೋರಿಸಿ. ಶುಗರ್ ಇದ್ದು ಮುಖ, ಕಣ್ಣು ಊದಿದರೆ ಮಾತ್ರ ಒಂದು ದಿನವೂ ಕಾಯಬೇಡಿ, 2021ರ ಬ್ಲ್ಯಾಕ್ ಫಂಗಸ್ ನೆನಪಿದೆ ಅಲ್ವಾ.

ಪದ್ಮಾ ಆಂಟಿ: ನಮ್ಮ ಬೆಂಗಳೂರಲ್ಲಿ ಧೂಳು, ಪಾರ್ಥೇನಿಯಂ ಅಲರ್ಜಿಯೇ ಜಾಸ್ತಿ ಕಣಪ್ಪ. ಹೊಟ್ಟೆಯ ಆಸಿಡ್ ಮೇಲೆ ಬಂದರೂ ಗಂಟಲಲ್ಲಿ ಕಫ ನಿಂತ ಹಾಗೆ ಅನ್ನಿಸುತ್ತದೆ. ಉಪ್ಪುನೀರಲ್ಲಿ ಮೂಗು ತೊಳಿ, ಕುದಿಸಿ ಆರಿಸಿದ ನೀರೇ ಇರಲಿ, ನಲ್ಲಿ ನೀರು ಬೇಡ.