ಧಾರಾವಾಹಿಯಲ್ಲಿ ಪಾರ್ಶ್ವವಾಯು ಚಿಕಿತ್ಸೆ: ಹತ್ತಿರದಿಂದ ಕಂಡವರು ತಿಳಿಸಿ

ಕೋರಿಕೆ: ಆಸ್ಪತ್ರೆಯ ಕಥೆಯಿರುವ ಧಾರಾವಾಹಿಯೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದೇನೆ. ಪಾರ್ಶ್ವವಾಯು ಬಡಿದವರಿಗೆ ಇಂಜೆಕ್ಷನ್ ಕೊಟ್ಟೊಡನೆ ಮಾತು ಮರಳುವ ದೃಶ್ಯಗಳನ್ನು ನೋಡಿದ್ದೇನೆ. ಇದು ಎಷ್ಟು ನಿಜ?

ಉತ್ತರ: ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದವಳು. ಟಿವಿಯವರು ಕತ್ತರಿಸಿ ಬಿಸಾಡುವುದು ಇಂಜೆಕ್ಷನ್‌ಗೆ ಮುಂಚಿನ ಭಾಗವನ್ನು. ನಿಜವಾದ ಉದ್ವೇಗವಿರುವುದು ಅಲ್ಲಿಯೇ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಸೊಟ್ಟಗಾದ ಬಾಯಿ, ಜೋತುಬಿದ್ದ ಕೈಗಳಿಂದ ಖಚಿತವಾಗುವುದಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ರಕ್ತಸ್ರಾವವಾದವರಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತಾದ್ದರಿಂದ ಸಿ.ಟಿ. ಸ್ಕ್ಯಾನ್ ಆಗದೆ ಯಾರೂ ಸಿರಿಂಜ್ ಎತ್ತುವುದಿಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೂ ಇವೇ ಲಕ್ಷಣಗಳು ಕಾಣಬಹುದಾದ ಕಾರಣ ಅದನ್ನೂ ನೋಡುತ್ತೇವೆ. ಜೊತೆಗೆ ಬಂದವರನ್ನು ನಾವು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಇವರು ಸರಿಯಾಗಿದ್ದುದನ್ನು ಕೊನೆಯದಾಗಿ ಕಂಡದ್ದು ಎಷ್ಟು ಗಂಟೆಗೆ? ಹೆಪ್ಪು ಕರಗಿಸುವ ಔಷಧ ಕೊಡಲು ಇರುವ ಸಾಮಾನ್ಯ ಅವಧಿಯಾದ 4.5 ಗಂಟೆಗಳನ್ನು ಎಣಿಸುವುದು ಆ ಕ್ಷಣದಿಂದಲೇ ಹೊರತು, ಬಿದ್ದಿದ್ದುದನ್ನು ಕಂಡ ಕ್ಷಣದಿಂದಲ್ಲ. ಈ ಪ್ರಶ್ನೆಗೆ ಮನೆಯವರು ತಡವರಿಸುವುದನ್ನು ತೋರಿಸಿ; ಹಿನ್ನೆಲೆ ಸಂಗೀತವೇ ಬೇಕಾಗುವುದಿಲ್ಲ. ಇನ್ನು ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಎಂಬ ಔಷಧವನ್ನು ದೇಹತೂಕದ ಪ್ರತಿ ಕಿಲೋಗೆ 0.9 ಮಿಲಿಗ್ರಾಂನಂತೆ ಲೆಕ್ಕಹಾಕಿ, ಶೇ. 10ರಷ್ಟನ್ನು ಒಂದು ನಿಮಿಷದಲ್ಲಿ, ಉಳಿದುದನ್ನು ಒಂದು ಗಂಟೆಯಲ್ಲಿ ಹನಿಸುತ್ತೇವೆ. ಅಷ್ಟು ಹೊತ್ತು ಯಾವ ಕ್ಯಾಮೆರಾ ಕಾಯುತ್ತದೆ?

ಇನ್ನೊಂದು ಉತ್ತರ: ನಮ್ಮ ತಂದೆಯವರಿಗೆ ಇದೇ ಔಷಧ ಕೊಟ್ಟಿದ್ದರು. ಮಿದುಳಿನಲ್ಲಿ ರಕ್ತಸ್ರಾವವಾಗುವ ಸಾಧ್ಯತೆಯಿದೆ ಎಂದು ವೈದ್ಯರು ವಿವರಿಸುತ್ತಿದ್ದಾಗ ಒಪ್ಪಿಗೆ ಕೊಡಬೇಕಾದ ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಕೈ ಅಲುಗಿದ್ದು ಮರುದಿನ. ಮಾತು ತಿಳಿಯಾಗಲು ತಿಂಗಳುಗಳೇ ಹಿಡಿದವು. ಧಾರಾವಾಹಿಗಳಲ್ಲಿ ಕಣ್ಣುಬಿಟ್ಟ ರೋಗಿಗೆ ತಕ್ಷಣ ನೀರು ಕುಡಿಸುತ್ತಾರಲ್ಲ, ಅದನ್ನು ದಯವಿಟ್ಟು ಬರೆಯಬೇಡಿ. ನುಂಗುವ ಶಕ್ತಿ ಕುಂದಿದ್ದರೆ ನೀರು ಶ್ವಾಸಕೋಶಕ್ಕೆ ಹೋಗಬಹುದೆಂದು, ಪರೀಕ್ಷೆ ಮುಗಿಯುವವರೆಗೆ ತಂದೆಯವರಿಗೆ ಗುಟುಕು ನೀರನ್ನೂ ಕೊಡಲಿಲ್ಲ.

ಮತ್ತೊಂದು ಉತ್ತರ: ಬೇಗ ಚೇತರಿಸಿಕೊಳ್ಳುವುದು ಪೂರ್ತಿ ಸುಳ್ಳಲ್ಲ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ತೊಡೆಸಂದಿನಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ 2015ರ ಅಧ್ಯಯನಗಳ ಬಳಿಕ ವ್ಯಾಪಕವಾಗಿ ಒಪ್ಪಿತವಾಗಿದ್ದು, ಆಯ್ದ ರೋಗಿಗಳಿಗೆ ಇದನ್ನು 24 ಗಂಟೆಗಳೊಳಗೂ ಮಾಡುತ್ತಾರೆ. ಹೆಪ್ಪು ಹೊರಬಂದ ಸ್ವಲ್ಪ ಹೊತ್ತಿಗೇ ಕೈಯೆತ್ತಿದವರೂ ಉಂಟು, ಎತ್ತದವರೂ ಉಂಟು. ನಿಮ್ಮ ಪಾತ್ರ ಆ ಕಂತಿನಲ್ಲಿಯೇ ಎದ್ದು ಮಾತನಾಡಬೇಕಾದರೆ ಈ ದಾರಿ ಹಿಡಿಯಿರಿ.