ಸಹಾಯ ಬೇಕು: ಐಎಸ್‌ಒ 15614-1 ವೆಲ್ಡಿಂಗ್ ಟೆಸ್ಟ್ ಪ್ಲೇಟ್‌ನಲ್ಲಿ ಹಾರ್ಡ್‌ನೆಸ್ (ಗಡಸುತನ) ಜಾಸ್ತಿ ಬರ್ತಿದೆ

ನಮ್ಮದು ಮಂಗಳೂರಿನ ಬೈಕಂಪಾಡಿಯ ಫ್ಯಾಬ್ರಿಕೇಶನ್ ಶಾಪ್. ಜರ್ಮನಿಯ ಆರ್ಡರ್, ಹಾಗಾಗಿ ವೆಲ್ಡಿಂಗ್ ವಿಧಾನವನ್ನು ಪರೀಕ್ಷಿಸಿ ಒಪ್ಪುವ ಮಾನದಂಡ ಐಎಸ್‌ಒ 15614-1:2017, ಅದರಲ್ಲಿ ಹೆಚ್ಚು ಪರೀಕ್ಷೆಗಳಿರುವ ಲೆವೆಲ್ 2 ಕೇಳಿದ್ದಾರೆ. ನಮ್ಮಲ್ಲಿರುವುದು ಅಮೆರಿಕದ ಎಎಸ್‌ಎಂಇ ಸೆಕ್ಷನ್ 9ರ ಪಿಕ್ಯೂಆರ್ (ವೆಲ್ಡಿಂಗ್ ವಿಧಾನದ ಪರೀಕ್ಷಾ ದಾಖಲೆ). ಅದು ಲೆವೆಲ್ 1ಕ್ಕೆ ಹತ್ತಿರ, ಲೆವೆಲ್ 2ಕ್ಕೆ ಸಾಲದು. ಹೊಸ ಟೆಸ್ಟ್ ಮಾಡಲೇಬೇಕು.

ಪ್ಲೇಟ್ ಎಸ್355ಜೆ2 ಉಕ್ಕು, ದಪ್ಪ 25 ಮಿ.ಮೀ. ಮಿಲ್ ಸರ್ಟಿಫಿಕೇಟ್ ಪ್ರಕಾರ ಕಾರ್ಬನ್ ಶೇ. 0.18, ಮ್ಯಾಂಗನೀಸ್ ಶೇ. 1.45, ಐಐಡಬ್ಲ್ಯೂ ಸೂತ್ರದಲ್ಲಿ ಕಾರ್ಬನ್ ಈಕ್ವಿವಲೆಂಟ್ (ಉಕ್ಕು ಎಷ್ಟು ಗಡಸಾಗಬಲ್ಲದು ಎಂಬ ಅಳತೆ) ಉಳಿದ ಧಾತುಗಳೂ ಸೇರಿ ಸುಮಾರು 0.44. ವೆಲ್ಡಿಂಗ್ ರಾಡ್ ಇ7018, 3.2 ಮಿ.ಮೀ., 120 ಆಂಪಿಯರ್, 24 ವೋಲ್ಟ್, ನಿಮಿಷಕ್ಕೆ 200 ಮಿ.ಮೀ., ಅಂದರೆ ದಕ್ಷತೆ 0.8 ಹಿಡಿದರೆ ಹೀಟ್ ಇನ್‌ಪುಟ್ ಸುಮಾರು 0.7 ಕಿಲೋಜೌಲ್ ಪ್ರತಿ ಮಿ.ಮೀ.ಗೆ. ಪ್ರೀಹೀಟ್ (ವೆಲ್ಡ್‌ಗೆ ಮೊದಲು ಪ್ಲೇಟ್ ಬಿಸಿ ಮಾಡುವುದು) 75 ಡಿಗ್ರಿ. ಕ್ಯಾಪ್ (ಮೇಲಿನ ಕೊನೆಯ ಪದರ) ಪಕ್ಕದ ಹೀಟ್ ಅಫೆಕ್ಟೆಡ್ ಝೋನ್‌ನಲ್ಲಿ (ಕರಗದೆ ಬಿಸಿಯಿಂದ ಬದಲಾದ ಭಾಗ) ಎಚ್‌ವಿ10, ಅಂದರೆ ವಿಕರ್ಸ್ ಗಡಸುತನ, 395, 402 ಬಂತು. ಮಿತಿ 380. ಒಳಗಿನ ರನ್‌ಗಳ (ವೆಲ್ಡ್ ಸಾಲುಗಳ) ಬಳಿ ಎಲ್ಲ ಸರಿಯಾಗಿದೆ. ಕೊನೆಯ ರನ್‌ನ ಮೇಲೆ ಮತ್ತೆ ಬಿಸಿ ಬೀಳದ್ದರಿಂದ ಅಲ್ಲಿ ಮಾತ್ರ ಗಡಸು ಉಳಿಯುತ್ತಿದೆ ಅಂತ ನಮ್ಮ ಅಂದಾಜು.

ಪ್ರೀಹೀಟ್ 120ಕ್ಕೆ ಏರಿಸಿ, 4 ಮಿ.ಮೀ. ರಾಡ್ ಹಾಕಿ ಹೀಟ್ ಇನ್‌ಪುಟ್ 1.3ರ ಹತ್ತಿರ ತರಬೇಕೆಂದಿದ್ದೇವೆ. ಆದರೆ ಹೀಟ್ ಹೆಚ್ಚಾದರೆ ಇಂಪ್ಯಾಕ್ಟ್ (ಹೊಡೆತ ತಡೆಯುವ ಶಕ್ತಿ) ಇಳಿಯಬಹುದೆಂಬ ಭಯವಿದೆ. ಕೆಳಗಿನ ಬೀಡ್‌ನ ಗಡಸನ್ನು ಅದರ ಮೇಲಿನ ಬೀಡ್‌ನ ಬಿಸಿಯಿಂದ ತಗ್ಗಿಸುವ ಟೆಂಪರ್ ಬೀಡ್ ಕ್ರಮದಲ್ಲಿ ಯಾರಾದರೂ ಪಾಸ್ ಮಾಡಿಸಿದ್ದೀರಾ? ಕೊನೆಯ ಬೀಡ್ ಅನ್ನು ಅಂಚಿನಿಂದ ಎಷ್ಟು ಮಿ.ಮೀ. ಒಳಗೆ ಇಟ್ಟಿರಿ?

ಈ ಮಳೆಗಾಲದಲ್ಲಿ ರಾಡ್‌ಗಳನ್ನು 350 ಡಿಗ್ರಿಯಲ್ಲಿ 2 ಗಂಟೆ ಬೇಕ್ ಮಾಡಿ, ಬಿಸಿ ಕ್ವಿವರ್‌ನಿಂದಲೇ (ರಾಡ್ ಬೆಚ್ಚಗಿಡುವ ಡಬ್ಬಿ) ತೆಗೆದು ಹಾಕುತ್ತಿದ್ದೇವೆ. ಗಡಸು ಜಾಗಕ್ಕೆ ತೇವದಿಂದ ಹೈಡ್ರೋಜನ್ ಸೇರಿದರೆ ಕ್ರ್ಯಾಕ್ ಬರೋ ಅಪಾಯ ಜಾಸ್ತಿ.

ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಎಚ್‌ವಿ10 ಮತ್ತು ಮೈನಸ್ 20 ಡಿಗ್ರಿಯ ಚಾರ್ಪಿ (ಇಂಪ್ಯಾಕ್ಟ್ ಪರೀಕ್ಷೆ) ಎರಡನ್ನೂ ಮಾಡುವ ಮಾನ್ಯತೆ ಪಡೆದ ಲ್ಯಾಬ್ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ಪ್ಲೇಟ್ 350 ಮಿ.ಮೀ. ಉದ್ದಕ್ಕೆ ಕತ್ತರಿಸಿ ಇಟ್ಟಾಗಿದೆ.