ಸಹಾಯ ಬೇಕು: ಚುಚ್ಚುಮಾತಿಗೆ ನಿಮ್ಮ ಕಡೆ ಏನಂತಾರೆ?

60 ವರ್ಷ ದಾಟಿದವರ ಜೊತೆ ಮನೆಯವರ ಚುಚ್ಚುಮಾತಿನ ಬಗ್ಗೆ ಮಾತಾಡಲು ಪ್ರಶ್ನೆಪಟ್ಟಿ ತಯಾರಾಗ್ತಿದೆ. "ಮನೇಲಿ ಯಾರಾದ್ರೂ ನಿಂದಿಸ್ತಾರಾ?" ಅಂದರೆ "ಛೆ, ಇಲ್ಲಪ್ಪ" ಅನ್ನೋ ಉತ್ತರವೇ ಹೆಚ್ಚು. ನಿಂದನೆ ಅಂದರೆ ಕೆಟ್ಟ ಬೈಗುಳ ಮಾತ್ರ ಅಂತ ಅವರ ಲೆಕ್ಕ. ಮಗನ ಮರ್ಯಾದೆ ಹೋಗುತ್ತೆ ಅನ್ನೋ ಅಂಜಿಕೆ ಬೇರೆ. "ಯಾವ ಮಾತಿಗೆ ಊಟ ಸೇರಲಿಲ್ಲ?" ಅಂತ ಕೇಳಿದಾಗ ಮಾತ್ರ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಕೂತು ತಿನ್ನೋಕೇನು ಅಂದ" ಅಂತ ಹೊರಬರುತ್ತೆ. ವಾರಗಟ್ಟಲೆ ಮಾತು ಬಿಡುವುದು, ಮೊಮ್ಮಕ್ಕಳೆದುರು ಹಂಗಿಸುವುದೂ ಪಟ್ಟಿಗೆ ಸೇರಬೇಕು.

ಉತ್ತರ ಕರ್ನಾಟಕ, ಕರಾವಳಿ, ಹಳೇ ಮೈಸೂರಿನವರು ನಿಮ್ಮೂರಿನ ಇಂಥ ಮಾತು ಒಂದೆರಡು ಕಳಿಸಿ, ದಯವಿಟ್ಟು. ಹೆಸರು ಬೇಡ. ಹಿರಿಯರನ್ನೇ ಕೇಳುವುದಾದರೆ ಮನೆಯವರು ಪಕ್ಕದಲ್ಲಿರಬಾರದು. ಕಿವಿ ಮಂದವೇ ಅಂತ ಮೊದಲು ನೋಡಿ, ನೋಡದಿದ್ದರೆ, ಕೇಳಿಸಲಿ ಅಂತ ಮನೆಯವರು ಜೋರಾಗಿ ಹೇಳಿದ್ದೂ ಗದರಿಕೆಯಾಗಿ ದಾಖಲಾಗುತ್ತೆ. ನೆರವು ಬೇಕೆಂದವರಿಗೆ ಹಿರಿಯರ ಸಹಾಯವಾಣಿ 14567 ಬರೆದುಕೊಡಿ, ದಪ್ಪ ಅಕ್ಷರದಲ್ಲಿ.